ಸೀಟಿನ ಕೆಳಗಿನ ಬೂದಿ

"ನಿಮ್ಮ ಹೀಟರ್ ನಮ್ಮಮ್ಮನ ಸೀರೆ ಸುಟ್ಟೈತೆ."

ಸುಗನ್ಯಾ ಕಾರಿನಿಂದ ಇಳಿಯುತ್ತಲೇ ಹೇಳಿದಳು. ಬಾಗಿಲು ಬಡಿದ ಸದ್ದು ಆಮೇಲೆ ಬಂತು.

ಕಾರುಗಳ ಎಲೆಕ್ಟ್ರಿಕ್ ರಿಪೇರಿಯ ತನ್ನ ಅಂಗಡಿಯಲ್ಲಿ ಕೂತಿದ್ದ ಧನಪಾಲ್ ತಲೆ ಎತ್ತಲಿಲ್ಲ. "ಸೇಲಂ ಬಿಸಿಲಲ್ಲಿ ಸೀಟಿಗೆ ಹೀಟರ್ ಆಕಿಸ್ಕೊಂಡೋರು ಸುಡ್ತೈತೆ ಅಂತ ಕಂಪ್ಲೇಂಟ್ ಮಾಡ್ತಾರೆ. ನಗಬೇಕಾ ಮೇಡಂ?"

"ಆಕಿಸ್ಕೋ ಅಂದೋರು ಯಾರು ಸಾರ್?"

ಅಂದವನು ಅವನೇ. ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತು ಕೂತು ಅವಳ ತಾಯಿ ರಾಜಾತಿಯ ಸೊಂಟ ಹೋಗಿತ್ತು. ಕಾರಿನಲ್ಲಿ ಓಮಲೂರು ದಾಟುವುದರೊಳಗೆ ನರಳಾಟ. ಬಿಸಿ ತಾಗಿದರೆ ಮಾತ್ರ ನೋವು ತಗ್ಗುತ್ತಿತ್ತು. ಧನಪಾಲ್ ಹೀಟರ್ ಪ್ಯಾಡ್ ತರಿಸಿ, ಆ ಹಳೆಯ ಜೆನ್ ಕಾರಿನ ಮುಂದಿನ ಸೀಟಿನ ಕವರ್ ಬಿಚ್ಚಿ, ಒಳಗೆ ಹಾಸಿ, ವೈರ್ ಎಳೆದು ಕೊಟ್ಟಿದ್ದ. ಆ ಕೆಲಸ ಬೇಕೆಂದೇ ನಿಧಾನವಾಗಿ ನಡೆದಿತ್ತು. ಆಗ ಇಬ್ಬರೂ ಒಬ್ಬರಿಗೊಬ್ಬರು 'ನೀನು' ಆಗಿದ್ದರು.

ಆಮೇಲೆ ಅದಿಯಮಾನ್‌ಕೋಟೆಯಿಂದ ಗಂಡಿನವರು ಬಂದು ಸುಗನ್ಯಾಳನ್ನು ನೋಡಿ ಒಪ್ಪಿಕೊಂಡು ಹೋದರು. ಅವಳು ಅದನ್ನು ಹೇಳಲು ಇದೇ ಅಂಗಡಿಗೆ ಬಂದಿದ್ದಳು. ಅವನು ಕೈಯಲ್ಲಿದ್ದ ಫ್ಯೂಸನ್ನೇ ನೋಡುತ್ತ ಒಂದು ಮಾತು ಹೇಳಿದ್ದ. "ಒಳ್ಳೇದು."

ಅವತ್ತಿನಿಂದ 'ನೀವು'.

"ನಾಳೆ ನಮ್ಮೋರು ಗಂಡಿನ ಮನೆ ನೋಡೋಕೆ ಓಗ್ತಾರೆ," ಎಂದಳು ಈಗ. "ಅಮ್ಮ ಈ ಸೀಟಲ್ಲೇ ಕೂತ್ಕೋಬೇಕು."

"ಕಾರ್ ಓಡ್ಸೋರು?"

"ನಾನೇ."

"ಮನೆ ನೋಡೋ ದಿನ ಹುಡುಗಿ ಓಗಬಾರ್ದಲ್ವಾ?"

"ಹುಡುಗಿ ಓಗಬಾರ್ದು. ಡ್ರೈವರ್ ಓಗಬೋದು. ಬೀದೀಲಿ ಕಾರೊಳಗೇ ಕೂತಿರ್ತೀನಿ. ನಿಮ್ಗೇನು? ಸೀಟು ನೋಡಿ."

ಅವನು ಮೀಟರ್ ಎತ್ತಿಕೊಂಡ. ಫ್ಯೂಸ್ ಚೆನ್ನಾಗಿತ್ತು. ಸ್ವಿಚ್ ಚೆನ್ನಾಗಿತ್ತು. ಪ್ಯಾಡಿನ ತುದಿಯಲ್ಲಿ ಹನ್ನೆರಡು ವೋಲ್ಟ್ ಬರುತ್ತಿತ್ತು. ಪ್ಯಾಡನ್ನು ಜೋಡಿಸಿದ ಕೂಡಲೇ ಏಳಕ್ಕೆ ಬಿತ್ತು.

"ದಾರೀಲಿ ಎಲ್ಲೋ ತಡೆ ಐತೆ. ಸುಮ್ನಿದ್ರೆ ಪೂರ್ತಿ ಕರೆಂಟ್ ತೋರಿಸ್ತೈತೆ. ಕೆಲಸ ಕೇಳಿದ್ರೆ ಕುಸೀತೈತೆ."

"ಅಂಥೋರು ಒಬ್ರು ನಂಗೂ ಗೊತ್ತು."

ಅವನು ನಾಲ್ಕೂ ಬೋಲ್ಟ್ ಬಿಚ್ಚಿದ, ಅಗತ್ಯಕ್ಕಿಂತ ಜೋರಾಗಿ. ಸೀಟನ್ನು ಹಿಂದಕ್ಕೆ ಮಗುಚಿ ಕೆಂಪು ವೈರಿನ ಮೇಲೆ ಬೆರಳಾಡಿಸುತ್ತ ಹೋದ. ಒಂದೆಡೆ ಬೆರಳು ಚುರ್ ಎಂದಿತು. ಅಲ್ಲಿ ವೈರ್ ತುಂಡಾಗಿತ್ತು. ಯಾರೋ ಅದನ್ನು ಮತ್ತೆ ಸೇರಿಸಿದ್ದರು. ಟೇಪ್ ಇರಲಿಲ್ಲ. ಸುತ್ತಿದ್ದ ರೇಷ್ಮೆ ನೂಲು ಕರಕಲಾಗಿತ್ತು. ನೂಲು ಬಿಡಿಸಿದರೆ ತಾಮ್ರದ ಎಳೆಗಳ ನಡುವೆ ಬೂದುಬಣ್ಣದ ಪುಡಿ.

ಅವನು ಅದನ್ನು ಬೆರಳಲ್ಲಿ ಉಜ್ಜಿದ. ಅಡುಗೆ ಒಲೆಯ ಬೂದಿ.

ಮಗ್ಗದಲ್ಲಿ ಹಳೆಯ ಹಾಸು ಮುಗಿಯುವಾಗ ಅದರ ಒಂದೊಂದು ಎಳೆಗೂ ಹೊಸ ಎಳೆ ಹೊಸೆದು ಸೇರಿಸಬೇಕು. ನುಣುಪು ರೇಷ್ಮೆ ಜಾರದಿರಲೆಂದು ನೇಕಾರರು ಬೆರಳಿಗೆ ಬೂದಿ ಮುಟ್ಟಿಸಿಕೊಳ್ಳುತ್ತಾರೆ. ಚಿಕ್ಕವರಿದ್ದಾಗ ಅವನೂ ಅವಳೂ ಒಂದೇ ಹಾಸಿನ ಎರಡು ಕೊನೆಗೆ ಕೂತು ಹೊಸೆಯುತ್ತಿದ್ದರು. ನಡುವೆ ಒಂದೇ ತೆಂಗಿನ ಚಿಪ್ಪು, ಅದರಲ್ಲಿ ಬೂದಿ, ಅದರೊಳಗೆ ತಾಗುವ ಬೆರಳುಗಳು.

ರೇಷ್ಮೆಗೆ ಬೂದಿ ಹಿಡಿತ. ತಾಮ್ರಕ್ಕೆ ಅಡ್ಡಗೋಡೆ. ಕರೆಂಟ್ ನುಗ್ಗಲಾರದೆ ಅಲ್ಲೇ ಕಾದಿದೆ, ಅಂಚಿನಲ್ಲಿ ಇಳಿಬಿದ್ದ ಸೀರೆ ಸುಟ್ಟಿದೆ. ಭೂಮಿಯ ಮೇಲಿನ ಯಾವ ಎಲೆಕ್ಟ್ರಿಷಿಯನ್ನೂ ಈ ತಪ್ಪು ಮಾಡಲಾರ.

"ಇದನ್ನ ಕಟ್ ಮಾಡಿದ್ದು ಯಾರು?"

"ಇಲಿ."

"ಬ್ಲೇಡ್ ಇಟ್ಕೊಂಡಿರೋ ಇಲಿ?"

"ನಮ್ಮ ಗುಗೈ ಬೀದಿ ಇಲಿ. ಏನ್ ಬೇಕಾದ್ರೂ ಇಟ್ಕೊಂಡಿರ್ತೈತೆ."

"ಆಮೇಲೆ ಬೂದಿ ಮುಟ್ಕೊಂಡು ಹಾಸು ಸೇರಿಸ್ತಾ?"

ಅವಳು ಮುಖ ತಿರುಗಿಸಿದಳು. ಕಿವಿಯ ಹಿಂದೆ ಒಂದು ಬೆವರ ಹನಿ ಹೊರಟು ಕುತ್ತಿಗೆಯ ತಿರುವಿನಲ್ಲಿ ನಿಂತಿತು. ಅವನು ಅದನ್ನು ನೋಡಬಾರದಿತ್ತು. ನೋಡಿದ.

"ಸೀಟು ಕೆಟ್ರೆ ಅಮ್ಮ ಗಂಡಿನ ಮನೆಗೆ ಓಗೋಕಾಗಲ್ಲ ಅಂತ ಕಟ್ ಮಾಡ್ದೆ. ಆಮೇಲೆ ಡಾಕ್ಟ್ರತ್ರ ಕರ್ಕೊಂಡ್ ಓಗುವಾಗ ದಾರೀಲಿ ಅತ್ತುಬಿಟ್ಲು. ನೋಡೋಕಾಗ್ಲಿಲ್ಲ. ಸೇರಿಸ್ದೆ. ನನ್ನ ಕೈಗೆ ಗೊತ್ತಿರೋದು ಅದೊಂದೇ."

"ಬೆಂಕಿ ಅತ್ತಿದ್ರೆ? ಬುದ್ಧಿ ಐತಾ ನಿಂಗೆ? ಒಳಗೆ ಅವ್ರು ಕೂತಿದ್ರು!"

"ಕಿರುಚಬೇಡ ಲಾ! ನಂಗೆ ಗೊತ್ತಿಲ್ವಾ? ರಾತ್ರಿಯೆಲ್ಲಾ ನಿದ್ದೆ ಇಲ್ಲ."

ಇಬ್ಬರೂ 'ನೀನು'ಗೆ ಬಿದ್ದಿದ್ದನ್ನು ಇಬ್ಬರೂ ಗಮನಿಸಲಿಲ್ಲ.

ಅವನು ಕೆಟ್ಟ ತುಂಡನ್ನು ಕತ್ತರಿಸಿ ಎಸೆದ. ಹೊಸ ವೈರ್ ಸೇರಿಸಿ ಬೆಸುಗೆ ಹಾಕಿದ, ಬೆಸುಗೆಯ ಮೇಲೆ ಪ್ಲಾಸ್ಟಿಕ್ ಕೊಳವೆ ಏರಿಸಿದ, ಸೀಟನ್ನು ಕೂರಿಸಿದ. ಆಮೇಲೆ ಮೀಟರ್ ಜೋಡಿಸಿಕೊಂಡು ತಾನೇ ಅದರ ಮೇಲೆ ಕೂತು ಬಾಗಿಲು ಹಾಕಿಕೊಂಡ.

"ಇಂಜಿನ್ ಆನ್ ಮಾಡು. ಮೇಲೆ ಭಾರ ಇಟ್ಟೇ ಟೆಸ್ಟ್ ಮಾಡ್ಬೇಕು. ಪೂರ್ತಿ ಬಿಸಿ ಆದ್ಮೇಲೆ ತಾನಾಗೇ ಕಟ್ ಆಗ್ಬೇಕು."

ಅವಳು ಸ್ಟಿಯರಿಂಗ್ ಹಿಂದೆ ಕೂತಳು. ಏಪ್ರಿಲ್ ಮಧ್ಯಾಹ್ನ. ಎಸಿ ಸತ್ತು ಯಾವ ಕಾಲವಾಯಿತೋ. ಕೆಳಗಿನಿಂದ ಬಿಸಿ ಏರತೊಡಗಿತು. ಮೊದಲು ಇಳಿದವರು ಸೋತಂತೆ ಎಂದು ಯಾರೂ ಹೇಳಿರಲಿಲ್ಲ, ಆದರೂ ಇಬ್ಬರೂ ಇಳಿಯಲಿಲ್ಲ.

"ಯಾಕೆ ಒಳ್ಳೇದು ಅಂದೆ?"

"ಮಗ್ಗ ಕಿತ್ತು ಅಂಗಡಿ ಇಟ್ಟೋನ ಮನೆಗೆ ಹೆಣ್ಣು ಕೊಡಲ್ಲ ಅಂತ ನಿಮ್ಮಮ್ಮ ಬೀದೀಲಿ ನಿಂತು ಅಂದಿದ್ರು."

"ಕಿತ್ತಿದ್ದಷ್ಟೇ ಅಲ್ಲ, ಮಗ್ಗದ ಗುಂಡೀಲಿ ಹಳೇ ಬ್ಯಾಟರಿ ತುಂಬಿದ್ದೀಯಾ. ನಂಗೂ ಕೋಪ ಐತೆ. ಆದ್ರೆ ಕೊಡಲ್ಲ ಅಂದಿದ್ದು ಅಮ್ಮ. ನನ್ನ ಕೇಳಿದ್ಯಾ?"

ಅವನು ಮೀಟರ್ ನೋಡಿದ. ಹನ್ನೆರಡು. ಅಲುಗುತ್ತಿರಲಿಲ್ಲ. ಅವನ ಶರ್ಟ್ ಬೆನ್ನಿಗೆ ಅಂಟಿತ್ತು.

"ಓಗಬೇಡ."

"ಏನು? ಇಂಜಿನ್ ಸದ್ದು."

"ಕೇಳಿಸ್ತು ನಿಂಗೆ."

"ಇನ್ನೊಂದ್ಸಲ ಯೋಳು."

"ನಾಳೆ ಓಗಬೇಡ ಸುಗನ್ಯಾ. ಡ್ರೈವರಾಗೂ ಬೇಡ."

ಅವಳು ನಗಲಿಲ್ಲ. ಅವನತ್ತ ತಿರುಗಿ, ಹುಬ್ಬಿನಿಂದ ಗಲ್ಲದವರೆಗೆ, ನೇಯ್ದ ಬಟ್ಟೆಯಲ್ಲಿ ತಪ್ಪು ಹುಡುಕುವಂತೆ ನೋಡಿದಳು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅಮ್ಮ. ಅವಳು ಸ್ಪೀಕರ್ ಒತ್ತಿದಳು.

"ಸೀಟು ಆಯ್ತೇನೇ?" ರಾಜಾತಿಯ ಸ್ವರ.

"ಆಯ್ತಮ್ಮಾ. ಚೆನ್ನಾಗಿ ಬಿಸಿ ಬತ್ತೈತೆ. ಆದ್ರೆ ನಾಳೆ ಡ್ರೈವರ್ ಬರಲ್ಲ."

"ಎನ್ನಡೀ? ಯಾಕೆ?"

"ಧನಪಾಲ್ ಯೋಳ್ತಾನೆ." ಫೋನನ್ನು ಅವನ ತೊಡೆಯ ಮೇಲೆ ಎಸೆದಳು. ಆ ಕಣ್ಣುಗಳಲ್ಲಿ ಕರುಣೆಯ ಸುಳಿವಿರಲಿಲ್ಲ. ಹೇಳು ನೋಡೋಣ, ಎನ್ನುತ್ತಿದ್ದವು.

ಅವನು ಫೋನ್ ಎತ್ತಿಕೊಂಡ. ಕೆಳಗೆ ಸೀಟು ಕಾಯುತ್ತಿತ್ತು.

"ಅತ್ತೇ," ಎಂದ. ಇದುವರೆಗೆ ಅವನು ರಾಜಾತಿಯನ್ನು ಹಾಗೆ ಕರೆದಿರಲಿಲ್ಲ. "ನಾನ್ ಬತ್ತೀನಿ. ಹೆಣ್ಣು ಕೇಳೋಕೆ."

ಆ ಕಡೆ ಎಲ್ಲೋ ಪವರ್‌ಲೂಮ್ ಬಡಿಯುತ್ತಿತ್ತು.

"ಲಾ, ಗುಂಡಿ ಮುಚ್ಚಿಬಿಟ್ಟಿದ್ದೀಯಾ?"

"ಇಲ್ಲತ್ತೆ. ಬ್ಯಾಟರಿ ಇಟ್ಟಿದ್ದೀನಿ."

"ಮೊದ್ಲು ಅದನ್ನ ಎತ್ತಾಕು. ಆ ಗುಂಡೀಲಿ ಕಾಲಿಳಿಸಿ ಕೂತಿದ್ದು ನಿಮ್ಮಮ್ಮ, ಬ್ಯಾಟರಿ ಅಲ್ಲ. ಕ್ಲೀನ್ ಮಾಡಿ ಆಮೇಲೆ ಬಾ, ಬೈಸ್ಕೊಳ್ಳೋಕೆ."

ಫೋನ್ ಕಟ್ಟಾಯಿತು.

ಹಿಂದೆಯೇ ಕೆಳಗಿನಿಂದ ಕ್ಲಿಕ್ ಎಂಬ ಸಣ್ಣ ಸದ್ದು. ಹೀಟರ್ ತಾನಾಗಿ ನಿಂತಿತ್ತು. ಟೆಸ್ಟ್ ಮುಗಿಯಿತು. ಇನ್ನು ಇಳಿಯಬಹುದಿತ್ತು, ಗಾಳಿಗೆ.

ಧನಪಾಲ್ ಬಾಗಿಲಿಗೆ ಕೈ ಹಾಕಿದ.

"ಕೂತ್ಕೋ," ಎಂದು ಸುಗನ್ಯಾ ಸ್ವಿಚ್ಚನ್ನು ಮತ್ತೆ ಒತ್ತಿದಳು.