ಮೇಲಿನ ಬೋಲ್ಟು

ಸೋಮವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಠಾಣೆಗೆ ಬಂದ ಹೆಂಗಸು, ಕೂತುಕೊಳ್ಳಿ ಎಂದರೂ ಕೂರಲಿಲ್ಲ. ಇನ್‌ಸ್ಪೆಕ್ಟರಿಗೆ ಎಡದವಡೆಯ ಹಲ್ಲು ಜೀವ ಹಿಂಡುತ್ತಿತ್ತು. ಕೀಳಿಸಿಬಿಡಿ ಎಂದು ದಂತವೈದ್ಯ ಹೇಳಿ ಎಂಟು ದಿನವಾಗಿತ್ತು. ಹೊರಡಬೇಕೆನ್ನುವಷ್ಟರಲ್ಲಿ ದಿನವೂ ಯಾರಾದರೊಬ್ಬರು ಹೀಗೆ ಬಂದು ಮೇಜಿನ ಮುಂದೆ ನಿಂತಿರುತ್ತಿದ್ದರು.

"ಏನಾಯ್ತು, ಹೇಳಿ."

"ನಮ್ಮಕ್ಕ ತೀರ್ಕೊಂಡ್ಳು. ನೆನ್ನೆ ಆಸ್ಪತ್ರೇಲಿ."

"ಹೇಗೆ?"

"ಕೆರೆ ಪಕ್ಕದ ವಸತಿಗೃಹದಲ್ಲಿ ಮರದ ಡೆಕ್ಕು ಇದೆಯಲ್ಲ, ಅಲ್ಲಿಂದ ಬಿದ್ಲು. ರೇಲಿಂಗಿಗೆ ಒರಗಿದ್ಲು, ಕಂಬ ಬುಡಸಮೇತ ಕಿತ್ಕೊಂಡು ಬಂತು. ಕೆಳಗೆ ಕಲ್ಲಿನ ಮೆಟ್ಟಿಲು."

"ಎಷ್ಟು ಹೊತ್ತಿಗೆ?"

"ನೆನ್ನೆ ಸಂಜೆ ನಾಲ್ಕೂವರೆ. ನಾನು ಕೆಳಗೆ ನಿಂತು ಫೋಟೋ ತೆಗೀತಿದ್ದೆ. ಮುಖ ಕಾಣ್ತಿಲ್ಲ ಕಣೇ, ಸ್ವಲ್ಪ ಮುಂದಕ್ಕೆ ಒರಗು ಅಂದೆ." ಆಕೆ ಮೇಜಿನ ಅಂಚು ಹಿಡಿದುಕೊಂಡಳು. "ನಾನೇ ಅಂದೆ ಸಾರ್."

ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಪೆನ್ನು ಎತ್ತಿ ಸಾಹೇಬರ ಮುಖ ನೋಡಿದ. ಕೊನೆಯ ಮಾತು ಬೇಡ ಎಂದು ಇನ್‌ಸ್ಪೆಕ್ಟರ್ ತಲೆಯಾಡಿಸಿದರು. ಆಕೆ ಅದನ್ನು ಬದುಕಿರುವಷ್ಟು ದಿನವೂ ಹೇಳಿಕೊಳ್ಳುತ್ತಲೇ ಇರುತ್ತಾಳೆ. ಸರ್ಕಾರದ ಕಾಗದದ ಮೇಲೂ ಯಾಕೆ?

ಹನ್ನೊಂದೂವರೆಗೆ ಎಫ್‌ಐಆರ್ ಆಯಿತು. ಮೃತಳು ಅರವತ್ತೊಂದು ವರ್ಷದ ನಿವೃತ್ತ ನರ್ಸು. ನಿರ್ಲಕ್ಷ್ಯದಿಂದ ಸಂಭವಿಸಿದ ಸಾವು. ಆರೋಪಿ, ಆ ಡೆಕ್ಕು ಕಟ್ಟಿದ ಬಡಗಿ. ಸೀದಾಸಾದಾ ಕೇಸು ಎಂದು ಇನ್‌ಸ್ಪೆಕ್ಟರಿಗೆ ಒಳಗೊಳಗೇ ಸಮಾಧಾನವಾಯಿತು, ಆಮೇಲೆ ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು.

ಮಧ್ಯಾಹ್ನ ಒಂದೂ ಕಾಲಿಗೆ ಸ್ಥಳ ಪಂಚನಾಮೆ. ಡೆಕ್ಕು ನೆಲದಿಂದ ಒಂಬತ್ತು ಅಡಿ ಎತ್ತರದಲ್ಲಿತ್ತು, ಕಟ್ಟಿ ಇನ್ನೂ ತಿಂಗಳಾಗಿರಲಿಲ್ಲ. ಅಂಚಿನ ತೊಲೆಯ ಹೊರಮೈಗೆ ಹನ್ನೆರಡು ಕಂಬಗಳನ್ನು ಬೋಲ್ಟು ಹಾಕಿ ಬಿಗಿದು, ಅವುಗಳ ಮೇಲೆ ರೇಲಿಂಗ್ ಕೂರಿಸಿದ್ದರು. ಏಳನೇ ಕಂಬ ಇರಬೇಕಾದ ಕಡೆ ಬರೀ ಗಾಳಿ ಇತ್ತು. ಕಂಬ ಮೆಟ್ಟಿಲ ಮೇಲೆ ಬಿದ್ದಿತ್ತು.

ಪಂಚನಾಮೆಗೆ ಸಾಕ್ಷಿಯಾಗಿ ವಸತಿಗೃಹದ ಅಡುಗೆಯವನನ್ನು ಕರೆದಾಗಿತ್ತು. ಮರದ ಕೆಲಸ ಬಲ್ಲವರೊಬ್ಬರು ಇದ್ದರೆ ಚೆನ್ನ ಎಂದು ಇನ್‌ಸ್ಪೆಕ್ಟರ್ ಅಂದಾಗ ಹೆಡ್ ಕಾನ್‌ಸ್ಟೇಬಲ್ ಹಿಂದಿನ ಬೀದಿಗೆ ಹೋಗಿ ದೊಡ್ಡ ಮೇಸ್ತ್ರಿಯನ್ನು ಕರೆತಂದ. ಎಪ್ಪತ್ತರ ಮುದುಕ. ಆ ಭಾಗದ ಮುಕ್ಕಾಲು ಬಡಗಿಗಳು ಅವನ ಕೈಯಲ್ಲಿ ಉಳಿ ಹಿಡಿಯಲು ಕಲಿತವರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು ಬಂದಿದ್ದ. ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಕಂಬದ ಬುಡವನ್ನು ಹೆಬ್ಬೆರಳಿನಿಂದ ಉದ್ದಕ್ಕೂ ಸವರಿದ.

"ಒಂದೇ ಬೋಲ್ಟು ಸಾರ್, ಕೆಳಗಿಂದು. ಮೇಲಿಂದು ಹಾಕೇ ಇಲ್ಲ."

"ಮಿಕ್ಕ ಕಂಬಗಳಿಗೆ?"

"ಎರಡೆರಡಿವೆ."

"ಒಂದಿಲ್ಲದಿದ್ರೆ ಇಷ್ಟಾಗುತ್ತಾ?"

"ಜನ ಒರಗೋದು ಮೇಲ್ಗಡೆ. ಮೇಲೆ ತಳ್ಳಿದ್ರೆ ಬುಡ ತೊಲೆಗೆ ಒತ್ತುತ್ತೆ, ಅದರ ಮೇಲಿನ ಭಾಗ ಆಚೆ ಬರೋಕೆ ನೋಡುತ್ತೆ. ಅದನ್ನ ಹಿಡಿದಿಡೋದೇ ಮೇಲಿನ ಬೋಲ್ಟು. ಅದಿಲ್ಲ ಅಂದ್ರೆ ಕಂಬ ಸುಮ್ನೆ ನಿಂತಿರುತ್ತೆ ಅಷ್ಟೆ."

ಹೆಡ್ ಕಾನ್‌ಸ್ಟೇಬಲ್ ಬರೆದ: ಸದರಿ ಕಂಬವು ನಾಲ್ಕಿಂಚು ಚೌಕದ್ದಾಗಿದ್ದು, ಬುಡದಲ್ಲಿ ಒಂದೇ ಬೋಲ್ಟಿನ ರಂಧ್ರವಿರುತ್ತದೆ. ದೊಡ್ಡ ಮೇಸ್ತ್ರಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ಸಹಿ ಹಾಕಿದ. ಕಂಬವನ್ನು ಜಪ್ತಿ ಮಾಡಿ ಠಾಣೆಗೆ ತಂದು, ಬೇರೆ ಜಾಗವಿಲ್ಲದೆ ಕಿಟಕಿಯ ಕೆಳಗೆ ಮಲಗಿಸಿದರು.

ಮಂಗಳವಾರ ಬೆಳಿಗ್ಗೆ ಬಡಗಿಯನ್ನು ಅವನ ಕೆಲಸದ ಜಾಗದಿಂದಲೇ ಕರೆತಂದರು. ನಲವತ್ತು ದಾಟಿದ ಆಸಾಮಿ, ಕಿವಿಯ ಮೇಲೆ ಮೋಟು ಪೆನ್ಸಿಲು.

"ಏಳನೇ ಕಂಬಕ್ಕೆ ಎಷ್ಟು ಬೋಲ್ಟು ಹಾಕಿದ್ದೆ?"

"ಎರಡು ಸಾರ್."

"ಅಲ್ಲಿರೋದು ಒಂದೇ ತೂತು."

"ಎರಡು ಹಾಕಿದೀನಿ. ನನ್ನ ಕೈಯಾರೆ ಬಿಗಿದಿದೀನಿ."

"ಬೋಲ್ಟು ಸಾಲದೆ ಬಂದಿತ್ತಾ? ನಾಳೆ ಹಾಕೋಣ ಅಂತ ಮರೆತ್ಯಾ?"

"ಇಲ್ಲ ಸಾರ್."

"ಹಾಗಾದ್ರೆ ತೂತು ಎಲ್ಲಿಗೆ ಹೋಯ್ತು?"

ಅವನು ಕಂಬ ನೋಡಬೇಕು ಅಂದ. ಆರೋಪಿ ಜಪ್ತಿ ಮಾಲು ಮುಟ್ಟುವಂತಿಲ್ಲ ಅಂದರು. ಅಂದು ಸಂಜೆಯೇ ನ್ಯಾಯಾಧೀಶರ ಮುಂದೆ ಹಾಜರುಪಡಿಸಿ, ಶನಿವಾರದವರೆಗೆ ಪೊಲೀಸ್ ಕಸ್ಟಡಿಗೆ ಪಡೆದರು.

ಬುಧವಾರದಿಂದ ಅವನ ಹೆಂಡತಿ ಠಾಣೆಯ ಬೆಂಚಿನ ಮೇಲೆ ಬಂದು ಕೂರತೊಡಗಿದಳು. ಅಳುವುದಿಲ್ಲ, ಯಾರ ಕಾಲಿಗೂ ಬೀಳುವುದಿಲ್ಲ, ಸುಮ್ಮನೆ ಕೂರುತ್ತಾಳೆ. ಅದು ಇನ್‌ಸ್ಪೆಕ್ಟರಿಗೆ ಹಲ್ಲುನೋವಿಗಿಂತ ದೊಡ್ಡ ಕಾಟವಾಯಿತು.

"ಮನೆಗೆ ಹೋಗಮ್ಮ. ಇಲ್ಲಿ ಕೂತ್ರೆ ಏನಾಗುತ್ತೆ?"

"ಮನೇಲಿ ಕೂತ್ರೆ ಏನಾಗುತ್ತೆ ಸಾರ್? ಅವರು ಜೈಲಿಗೆ ಹೋದ್ರೆ ಇನ್ನು ಯಾರೂ ಅವರ ಕೈಲಿ ಒಂದು ಸ್ಟೂಲೂ ಮಾಡ್ಸಲ್ಲ. ಒಂದು ಗೆರೆ ಸೊಟ್ಟ ಆದ್ರೆ ಅವತ್ತು ಊಟ ಮಾಡಲ್ಲ ಆ ಮನುಷ್ಯ. ಬೋಲ್ಟು ಮರೀತಾರಾ?"

ಮೇಲಧಿಕಾರಿಗಳಿಂದ ಎರಡು ಸಲ ಫೋನು ಬಂತು. ಇಷ್ಟು ಸಣ್ಣ ಕೇಸಿಗೆ ಇಷ್ಟು ದಿನವೇ ಎಂದರು. ಇನ್‌ಸ್ಪೆಕ್ಟರಿಗೂ ಹಾಗೇ ಅನ್ನಿಸಿತ್ತು. ಆದರೆ ಗುರುವಾರ, ಕಂಬವನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿ ಕೈತೊಳೆದುಕೊಳ್ಳುವ ಪತ್ರಕ್ಕೆ ಸಹಿ ಹಾಕುವಾಗ, ಆ ಹೆಂಡತಿಯ ಮಾತು ನೆನಪಾಗಿ ಕೈ ಮುಂದೆ ಹೋಗಲಿಲ್ಲ. ನಾಳೆ ನೋಡೋಣ ಎಂದು ಕಾಗದವನ್ನು ಪಕ್ಕಕ್ಕೆ ಸರಿಸಿದರು.

ಶುಕ್ರವಾರ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಮಹಿಳಾ ಕಾನ್‌ಸ್ಟೇಬಲ್ ಕಿಟಕಿಯ ಬಳಿಯಿಂದ ಕೂಗಿದಳು.

"ಸಾರ್, ಈ ಕಂಬಕ್ಕೆ ಉಂಗುರ ಬಂದಿದೆ."

"ಚಹಾ ಲೋಟ ಇಟ್ಟಿರ್ತಾರೆ ಯಾರೋ ಪುಣ್ಯಾತ್ಮರು."

ಹೆಡ್ ಕಾನ್‌ಸ್ಟೇಬಲ್ ನಾಲಿಗೆ ಕಚ್ಚಿಕೊಂಡ. ಲೋಟ ಇಟ್ಟದ್ದು ಅವನೇ. ಆದರೆ ಅವನು ಇಟ್ಟದ್ದು ಇನ್ನೊಂದು ತುದಿಗೆ.

ಇನ್‌ಸ್ಪೆಕ್ಟರ್ ಎದ್ದು ಹೋಗಿ ಮೊಣಕಾಲೂರಿದರು. ಬೋಲ್ಟಿನ ತೂತಿಗಿಂತ ಒಂದು ಗೇಣು ಮೇಲೆ, ಕೂದಲಿನಷ್ಟು ತೆಳುವಾದ ಒಂದು ದುಂಡು ಗೆರೆ. ನಾಲ್ಕು ದಿನ ಕಿಟಕಿಯ ಬಿಸಿಲು ಬಿದ್ದು ಮರ ಒಣಗಿ, ಗೆರೆ ಬಾಯಿಬಿಟ್ಟಿತ್ತು. ಹೆಡ್ ಕಾನ್‌ಸ್ಟೇಬಲ್ ಚಾಕುವಿನ ಮೊನೆಯಿಂದ ಮೀಟಿದ. ಒಂದು ಮರದ ಬಿರಡೆ ಟಪ್ಪನೆ ಈಚೆ ಬಂತು. ಹಿಂದೆ ಇನ್ನೊಂದು ಉದ್ದನೆಯ ಬಿರಡೆ. ಅದನ್ನೂ ಎಳೆದಾಗ ಒಳಗೆ ಹೊಸ ತೂತು, ಅದರ ಒಳಮೈ ಮೇಲೆ ಬೋಲ್ಟಿನ ತಿರುಪಿನ ಸುರುಳಿ ಉಜ್ಜಿದ ಕಪ್ಪು ಗುರುತು.

"ಹಾಗಾದ್ರೆ ಬೋಲ್ಟು ಇತ್ತು," ಎಂದಳು ಕಾನ್‌ಸ್ಟೇಬಲ್.

"ಇತ್ತು. ಯಾರೋ ತೆಗೆದು, ಅದು ಇರಲೇ ಇಲ್ಲ ಅನ್ನೋ ಹಾಗೆ ಮುಚ್ಚಿದಾರೆ."

ಇನ್‌ಸ್ಪೆಕ್ಟರ್ ಬಿರಡೆಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. ಕಂಬದ ಮರದ ಎಳೆ ಹೇಗೆ ಓಡಿತ್ತೋ ಬಿರಡೆಯ ಎಳೆಯೂ ಹಾಗೇ ಸೇರುವಂತೆ ಕತ್ತರಿಸಿದ್ದರು. ಮೇಲೆ ಎಣ್ಣೆ ತಿಕ್ಕಿದ್ದರು. ಹಾಳು ಮಾಡಲು ಬಂದವನು ಇಷ್ಟು ಅಕ್ಕರೆಯಿಂದ ಕೆಲಸ ಮಾಡಿದ್ದನ್ನು ಅವರು ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

ಹತ್ತು ಗಂಟೆಗೆ ಬಡಗಿಯನ್ನು ಹೊರಗೆ ಕರೆಸಿ ಬಿರಡೆಯನ್ನು ಅವನ ಮುಂದಿಟ್ಟರು. ಅವನು ಅದನ್ನು ಎತ್ತಿಕೊಂಡ. ಮುಖ ಒಮ್ಮೆ ಅರಳಿ, ಮರುಕ್ಷಣ ಬಣ್ಣಗೆಟ್ಟಿತು.

"ಇದು ಯಾರ ಕೈಕೆಲಸ?"

"ಗೊತ್ತಿಲ್ಲ ಸಾರ್."

"ಒಂದು ತೂತು ಮುಚ್ಚಬೇಕಾದ್ರೆ ನೀನು ಹೇಗೆ ಮುಚ್ತೀಯ?"

"ಪುಟ್ಟಿ ತುಂಬ್ತೀವಿ. ಈಗಿನವರೆಲ್ಲ ಅಷ್ಟೇ."

"ಈಗಿನವರಲ್ಲದೆ?"

ಬಡಗಿ ಬಿರಡೆಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ.

"ನೋಡಪ್ಪ, ಹೊರಗೆ ನಿನ್ನ ಹೆಂಡತಿ ಮೂರು ದಿನದಿಂದ ಕೂತಿದಾಳೆ. ಒಂದು ಹೆಸರು ಹೇಳು."

"ಗೊತ್ತಿಲ್ಲ ಅಂದ್ನಲ್ಲ ಸಾರ್."

ಗೊತ್ತಿದೆ ಎಂಬುದು ಇನ್‌ಸ್ಪೆಕ್ಟರಿಗೆ ಗೊತ್ತಾಯಿತು. ಜೈಲಿಗೆ ಹೋಗಲು ತಯಾರಿರುವವನು ಯಾರನ್ನು ಉಳಿಸುತ್ತಿದ್ದಾನೆ? ಕಡತ ತೆರೆದು ಪಂಚನಾಮೆಯನ್ನು ಮತ್ತೆ ಓದಿದರು. ಕೊನೆಯ ಸಹಿ ದೊಡ್ಡ ಮೇಸ್ತ್ರಿಯದು. ಮುದುಕನ ಹೆಬ್ಬೆರಳು ಕಂಬದ ಉದ್ದಕ್ಕೂ ಹರಿದದ್ದು ನೆನಪಾಯಿತು. ಐವತ್ತು ವರ್ಷ ಮರ ಮುಟ್ಟಿದ ಬೆರಳಿಗೆ ಆ ಗೆರೆ ಸಿಗದೆ ಹೋಯಿತೇ?

"ನಾನೇ ಹೋಗಿ ಕರ್ಕೊಂಡು ಬಂದ್ನಲ್ಲ ಸಾರ್," ಎಂದು ಹೆಡ್ ಕಾನ್‌ಸ್ಟೇಬಲ್ ತಲೆಯ ಮೇಲೆ ಕೈಹೊತ್ತು ಕೂತ.

"ಕರೆಸಿದ್ದು ನಾನು. ಏಳು, ಜೀಪು ತೆಗಿ."

ಮೊದಲು ವಸತಿಗೃಹಕ್ಕೆ ಹೋದರು. ಕೆಳಗಿನಿಂದ ಟಾರ್ಚು ಬಿಟ್ಟು ನೋಡಿದಾಗ ತೊಲೆಗೂ ಅಂಥದ್ದೇ ಬಿರಡೆ ಜಡಿದಿತ್ತು. ಮ್ಯಾನೇಜರನ್ನು ಕೇಳಿದರು.

"ದೊಡ್ಡ ಮೇಸ್ತ್ರಿ ಇತ್ತೀಚೆಗೆ ಇಲ್ಲಿಗೆ ಬಂದಿದ್ರಾ?"

"ಹೋದ ವಾರ ಎರಡು ಸಲ ಬಂದಿದ್ರು. ಗುರುವಾರ ಮಧ್ಯಾಹ್ನ, ಶಿಷ್ಯನ ಕೆಲಸ ನೋಡ್ತೀನಿ ಅಂತ. ಶನಿವಾರ ಬೆಳಿಗ್ಗೆ ಮತ್ತೆ."

"ಏನು ಮಾಡಿದ್ರು?"

"ಗುರುವಾರ ಊಟದ ಹೊತ್ತು, ನಾವ್ಯಾರೂ ಆ ಕಡೆ ನೋಡಲಿಲ್ಲ. ಶನಿವಾರ ಬರೀ ಕಂಬ ಹಿಡಿದು ಅಲ್ಲಾಡಿಸಿದ್ರು. ಗಟ್ಟಿ ಇದೆಯಲ್ವಾ ಮೇಸ್ತ್ರಿ ಅಂದೆ. ಉತ್ತರ ಕೊಡಲಿಲ್ಲ, ಹೋದ್ರು."

"ಮುಂಚೆ ಇಲ್ಲಿನ ಕೆಲಸ ಅವರೇ ಮಾಡ್ತಿದ್ರು ಅಲ್ವಾ?"

"ಇಪ್ಪತ್ತಾರು ವರ್ಷ. ಕೈ ನಡುಗೋಕೆ ಶುರುವಾಯ್ತು ಸಾರ್. ಆಮೇಲೆ ಕರೆಯೋದು ಬಿಟ್ವಿ."

"ಬರಬೇಡಿ ಅಂತ ಹೇಳಿದ್ರಾ?"

"ಹೇಳೋದೇನಿದೆ. ಸುಮ್ನೆ ಕರೆಯಲಿಲ್ಲ ಅಷ್ಟೆ."

ಮಧ್ಯಾಹ್ನ ಮೂರು ಗಂಟೆಗೆ ದೊಡ್ಡ ಮೇಸ್ತ್ರಿಯ ಮನೆ. ಬಾಗಿಲು ತೆರೆದ ಸೊಸೆ, "ಮಾವ ಹಿಂದಿನ ಶೆಡ್ಡಲ್ಲಿದಾರೆ, ಯಾವಾಗಲೂ ಅಲ್ಲೇ," ಎಂದು ದಾರಿ ತೋರಿಸಿದಳು. ಶೆಡ್ಡಿನ ಗೋಡೆಯ ಮೇಲೆ ಉಳಿಗಳು ಅಳತೆಯ ಪ್ರಕಾರ ಸಾಲಾಗಿ ನೇತಾಡುತ್ತಿದ್ದವು, ಒಂದಕ್ಕೂ ತುಕ್ಕಿಲ್ಲ. ನೆಲದ ಮೇಲೆ ಒಂದು ಚೂರು ಹೊಟ್ಟೂ ಇರಲಿಲ್ಲ. ಬಡಗಿಯೊಬ್ಬನ ಶೆಡ್ಡು ಅಷ್ಟು ಚೊಕ್ಕಟವಾಗಿರುವುದನ್ನು ನೋಡಿ ಇನ್‌ಸ್ಪೆಕ್ಟರಿಗೆ ಸಂಕಟವಾಯಿತು. ಮುದುಕ ಸ್ಟೂಲಿನ ಮೇಲೆ ಕೂತು, ಮೊದಲೇ ಹರಿತವಾಗಿದ್ದ ಉಳಿಯನ್ನು ಮಸೆಯುತ್ತಿದ್ದ.

ಇನ್‌ಸ್ಪೆಕ್ಟರ್ ಬಿರಡೆಯನ್ನು ಮುಂದೆ ಹಿಡಿದರು. ಅವನು ಉಳಿಯನ್ನು ಒರೆಸಿ, ಗೋಡೆಯ ಮೇಲೆ ಅದರ ಜಾಗಕ್ಕೇ ಸಿಕ್ಕಿಸಿದ.

"ಬಿಸಿಲಿಗೆ ಇಟ್ಟಿದ್ರಾ?"

"ಕಿಟಕಿ ಕೆಳಗಿತ್ತು."

"ಅದಕ್ಕೇ. ಒಳಗಡೆ ಇನ್ನೂ ಹಸಿ ಇತ್ತು ಆ ಮರ."

"ಬೋಲ್ಟು ಎಲ್ಲಿ?"

ಅವನು ಕಪಾಟಿನಿಂದ ಡಬ್ಬಿ ತೆಗೆದು ಕೊಟ್ಟ. ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಬೋಲ್ಟು, ನಟ್ಟು, ಎರಡು ವಾಷರು. ಮಿಕ್ಕ ಹನ್ನೊಂದು ಕಂಬಗಳ ಬೋಲ್ಟಿನ ತಲೆಯ ಮೇಲಿದ್ದ ಗುರುತೇ ಇದರ ಮೇಲೂ ಇತ್ತು. ಮಹಿಳಾ ಕಾನ್‌ಸ್ಟೇಬಲ್ ಅಲ್ಲೇ ಕೂತು ಜಪ್ತಿ ಪಟ್ಟಿ ಬರೆದಳು.

"ಯಾವಾಗ ತೆಗೆದ್ರಿ?"

"ಗುರುವಾರ ಮಧ್ಯಾಹ್ನ."

"ಯಾಕೆ?"

"ಕಂಬ ಅಲ್ಲಾಡುತ್ತೆ, ನನ್ನನ್ನ ಕರೀತಾರೆ ಅಂತ. ಅಲ್ಲಾಡೋ ಕಂಬಕ್ಕೆ ಯಾರು ಸಾರ್ ಒರಗ್ತಾರೆ? ಒಂದು ಸಲ ಮುಟ್ಟಿ ಹಿಂದೆ ಸರೀತಾರೆ. ಮ್ಯಾನೇಜರು ಬೈತಾನೆ. ಮುದುಕನ್ನೇ ಕರೀರಪ್ಪ ಅಂತಾರೆ."

"ಆಮೇಲೆ?"

"ಶನಿವಾರ ಹೋಗಿ ನೋಡಿದೆ. ಮಿಸುಕಲಿಲ್ಲ. ಹಲಗೆಗಳನ್ನ ಕಂಬದ ಸುತ್ತ ಅಷ್ಟು ಬಿಗಿಯಾಗಿ ಕೂರಿಸಿದ್ದ ಅವನು. ಕಾಗದ ತೂರೋಕೂ ಜಾಗ ಇಲ್ಲ. ನಾನೇ ಕಲಿಸಿದ್ದು ಅದನ್ನ." ಅವನ ದನಿಯಲ್ಲಿ ಆಗಲೂ ಒಂದು ಚೂರು ಹೆಮ್ಮೆ ಇತ್ತು.

"ಅವತ್ತೇ ಬೋಲ್ಟು ವಾಪಸ್ ಹಾಕಬಹುದಿತ್ತಲ್ಲ."

"ಹಾಕಬಹುದಿತ್ತು." ಮುದುಕ ನಡುಗುವ ಕೈಗಳನ್ನು ತೊಡೆಗಳ ನಡುವೆ ಅದುಮಿಕೊಂಡ. "ಒಂದು ಮಳೆ ಬೀಳಲಿ, ಸಡಿಲ ಆಗುತ್ತೆ ಅಂದ್ಕೊಂಡೆ."

"ತೂತು ಮುಚ್ಚಿದ್ದು ಯಾಕೆ? ಶಿಷ್ಯನ ತಲೆಗೆ ಕಟ್ಟೋಕಾ?"

"ಅಯ್ಯೋ, ಅದಕ್ಕಲ್ಲ. ಬಿಟ್ರೆ ನೀರು ಇಳಿಯುತ್ತೆ ಸಾರ್. ಒಳ್ಳೇ ಮರ, ಕೊಳೆತುಹೋಗುತ್ತೆ."

ಇನ್‌ಸ್ಪೆಕ್ಟರ್ ಬಿರಡೆಯನ್ನು ಬೋಲ್ಟಿನ ಡಬ್ಬಿಯೊಳಗೆ ಇಟ್ಟರು.

"ಸೋಮವಾರ ನಮ್ಮ ಮುಂದೆ ಸುಳ್ಳು ಹೇಳಿದ್ರಿ. ಅವನು ಜೈಲಿಗೆ ಹೋಗ್ತಿದ್ದ, ಗೊತ್ತಾ? ಇವತ್ತು ನಿಮ್ಮ ಕೈಕೆಲಸ ಅಂತ ಗೊತ್ತಾದ ಮೇಲೂ ಅವನು ನಿಮ್ಮ ಹೆಸರು ಹೇಳಲಿಲ್ಲ."

ಮುದುಕನ ಅಷ್ಟು ಹೊತ್ತೂ ನೇರವಾಗಿದ್ದ ಬೆನ್ನು ಬಾಗಿತು.

"ನೀವು ಕರೆದ್ರಲ್ಲ ಸಾರ್," ಎಂದ. "ಎರಡು ವರ್ಷದ ಮೇಲೆ ಒಬ್ಬರು ಮನೆ ಬಾಗಿಲಿಗೆ ಬಂದು, ಮರದ ವಿಷಯ ನೀವೇ ಹೇಳಬೇಕು ಬನ್ನಿ ಅಂದ್ರು. ಎಲ್ಲಾರೂ ಸುತ್ತ ನಿಂತು ನನ್ನ ಮಾತು ಕೇಳ್ತಿದ್ರು. ನಾನೇ ಮಾಡ್ದೆ ಅನ್ನೋಕೆ ಬಾಯಿ ಬರಲಿಲ್ಲ."

ನಾಲ್ಕು ಹತ್ತಕ್ಕೆ ಬಂಧನ ದಾಖಲಾಯಿತು. ಸೊಸೆ ಬಾಗಿಲಲ್ಲಿ ನಿಂತು, "ಮಾವನ ಕನ್ನಡಕ," ಎಂದು ಓಡಿಬಂದು ಜೀಪಿನೊಳಗೆ ಕೊಟ್ಟಳು.

ಶನಿವಾರ ನ್ಯಾಯಾಲಯ ಬಡಗಿಯನ್ನು ಬಿಟ್ಟಿತು. ಠಾಣೆಯಲ್ಲಿ ಕಾಗದಪತ್ರ ಮುಗಿದ ಮೇಲೆ ಹೆಂಡತಿ ಅವನ ತೋಳು ಹಿಡಿದುಕೊಂಡೇ ಮೆಟ್ಟಿಲಿಳಿದಳು. ಗೇಟಿನವರೆಗೆ ಹೋದ ಬಡಗಿ ವಾಪಸು ಬಂದ.

"ಸಾರ್, ಮೇಸ್ತ್ರಿ ಒಂದು ಮಾತು ಕೇಳಿದ್ರೆ ನಾನೇ ಕರೀತಿದ್ದೆ. ಬಂದು ಕೂತು, ಇದು ಸೊಟ್ಟ ಅದು ಸೊಟ್ಟ ಅಂತ ಬೈಯೋಕಾದ್ರೂ."

"ನೀನಾಗೇ ಯಾಕೆ ಕರೀಲಿಲ್ಲ?"

ಬಡಗಿ ಕಿವಿಯ ಮೇಲೆ ಪೆನ್ಸಿಲಿಗಾಗಿ ತಡಕಿದ, ಅದು ಅಲ್ಲಿರಲಿಲ್ಲ. ಹೆಂಡತಿ ಬಂದು ಅವನನ್ನು ಕರೆದುಕೊಂಡು ಹೋದಳು.

ಇನ್‌ಸ್ಪೆಕ್ಟರ್ ಕಡತ ತೆರೆದರು. ದೂರು ಕೊಟ್ಟ ತಂಗಿಗೆ ಫೋನು ಮಾಡಿ, ಕಂಬವೇ ಕಾರಣ, ನಿಮ್ಮ ಮಾತಲ್ಲ ಎಂದು ತಿಳಿಸಿಯಾಗಿತ್ತು; ಆಕೆ ನಂಬಿದಂತೆ ಕಾಣಲಿಲ್ಲ. ಇನ್ನು ಉಳಿದದ್ದು ಕೃತ್ಯದ ಉದ್ದೇಶ ಎಂಬ ಒಂದು ಸಾಲು. ಹೆಡ್ ಕಾನ್‌ಸ್ಟೇಬಲ್ ಅಲ್ಲಿ 'ವೃತ್ತಿ ವೈಷಮ್ಯ' ಎಂದು ದುಂಡಗೆ ಬರೆದಿಟ್ಟಿದ್ದ. ಇನ್‌ಸ್ಪೆಕ್ಟರ್ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ, ತಮ್ಮ ಕೈಯಿಂದಲೇ ಬರೆದರು: ತನ್ನನ್ನು ಕೆಲಸಕ್ಕೆ ಕರೆಯಲಿ ಎಂದು.