ಅವನು ಮುಚ್ಚದ ವಿಂಡೋ

ಥೂ, ಇಂಥ ಕೆಲಸಕ್ಕೂ ಕೈ ಹಾಕಿದೆನಲ್ಲ ಎಂದು ಅವಳಿಗೆ ತನ್ನ ಬೆರಳುಗಳ ಮೇಲೇ ಹೇಸಿಗೆಯಾಗಿತ್ತು.

ನಕ್ಷೆ ಬರೆಯುವ ಆ ಕಚೇರಿಯ ಸರ್ವರ್ ನೋಡಿಕೊಳ್ಳುವವಳು ಅವಳು. ಎಲ್ಲರ ಬಾಯಲ್ಲೂ ಸರ್ವರಕ್ಕ. ನದಿಗಳ ನಕ್ಷೆ ಬರೆಯುವವನೊಬ್ಬ ಮಾತ್ರ ಅಪ್ಪಿತಪ್ಪಿಯೂ ಅಕ್ಕ ಅಂದವನಲ್ಲ.

ಯಾರು ಎಷ್ಟು ಸರ್ವರ್ ಬಳಸುತ್ತಾರೆಂದು ದಿನಾ ಬೆಳಿಗ್ಗೆ ತಾನೇ ಎಣಿಸಿ ವರದಿ ಒಪ್ಪಿಸುವ ವ್ಯವಸ್ಥೆ ಬೇಕೆಂದಿದ್ದ ಮ್ಯಾನೇಜರ್. ಮಾಡಿಟ್ಟಳು. ಜನರ ಬೆವರೊಂದನ್ನು ಬಿಟ್ಟು ಬಾಕಿಯೆಲ್ಲ ಅಳೆಯುವ ಆ ಹಾಳು ವರದಿಯಲ್ಲಿ ನದಿಯವನ ಎದುರು ಸೊನ್ನೆ ಬಂದಿತ್ತು.

"ಸೊನ್ನೆ!" ಮ್ಯಾನೇಜರ್ ತುಟಿ ಚಪ್ಪರಿಸಿದ. "ಕೂತು ಸಂಬಳ ತಿಂತಿದ್ದಾನೆ. ಸಂಜೆಗೇ ಮನೆಗೆ ಕಳಿಸ್ತೀನಿ."

ಅವಳು ನೇರ ನದಿಯವನ ಮೇಜಿನತ್ತ ನಡೆದಳು. ಕತ್ತೆತ್ತದೆ ಗೆರೆ ಎಳೆಯುವವನು ಅವನು. ಎತ್ತಿದರೆ ಸರ್ವರ್ ಕೋಣೆಯ ಗಾಜಿನಾಚೆ ಕೂತ ಅವಳ ಕಡೆಗೇ. ಆ ಒಂದು ನೋಟಕ್ಕಾಗಿ ಅವಳು ಬೇಕೆಂದೇ ಕೇಬಲ್ ಬೀಳಿಸಿದ್ದೂ ಉಂಟು.

ಇಂದು ಅವನು ತಲೆ ಎತ್ತಲಿಲ್ಲ. "ಬನ್ನಿ ಮೇಡಂ. ಚಾಡಿ ಹೇಳೋಕೆ ಮಿಷನ್ ಇಟ್ಟಿದ್ದೀರಂತೆ?"

"ಸಾಕು ಸುಮ್ನಿರ್ರಿ. ನಿಮ್ಮ ಪ್ರೋಗ್ರಾಮ್ ಕೊನೇ ಸಲ ಕ್ಲೋಸ್ ಮಾಡಿದ್ದು ಯಾವಾಗ?"

ಅವನ ಕಿವಿ ಕೆಂಪಾಯಿತು. "ಮಾಡೇ ಇಲ್ಲ."

"ಅದಕ್ಕೇ! ಕ್ಲೋಸ್ ಆದ್ಮೇಲೇನೇ ಅದು ಲೆಕ್ಕಕ್ಕೆ ತಗೊಳ್ಳೋದು. ಮುಗೀದೇ ಇರೋ ಕೆಲಸ ಅದರ ಕಣ್ಣಿಗೆ ಕೆಲಸಾನೇ ಅಲ್ಲ. ಯಾಕ್ರೀ ಮುಚ್ಚಲ್ಲ?"

ಅವನು ಪರದೆಯನ್ನು ಅವಳತ್ತ ತಿರುಗಿಸಿದ. ವಿಂಡೋದ ಮೇಲ್ತುದಿಯಲ್ಲಿ, ಅವನು ಸೇರಿದ ಹೊಸತರಲ್ಲಿ ಅವಳು ಸರ್ವರಿನಿಂದ ಕಳಿಸಿದ್ದ ಸಾಲು: ಊಟ ಆಯ್ತಾ?

"ಮುಚ್ಚಿದ್ರೆ ಇದು ಹೋಗುತ್ತೆ. ಎಲ್ಲರಿಗೂ ಕಳಿಸಿರ್ತೀರಿ, ಗೊತ್ತು. ಆದ್ರೂ..."

"ಎಲ್ಲರಿಗೂ 'ಟೆಸ್ಟ್' ಅಂತ ಕಳಿಸ್ತೀನಿ," ಅವಳು ನೆಲ ನೋಡುತ್ತ ಅಂದಳು. "ಇದು ನಿಮಗೊಬ್ಬರಿಗೇ. ಈಗ ಮುಚ್ಚಿ. ಇಲ್ದಿದ್ರೆ ನಿಮ್ಮ ಕೆಲಸ ಹೋಗುತ್ತೆ."

"ಹೋಗ್ಲಿ."

"ಮುಚ್ರೀ ಅಂದ್ರೆ!"

ಮುಚ್ಚಿದ. ಅವಳು ವರದಿಯನ್ನು ಮತ್ತೆ ಓಡಿಸಿದಳು. ಸೊನ್ನೆಯವನು ಜಿಗಿದು ಎಲ್ಲರಿಗಿಂತ ಮೇಲೆ ಹೋಗಿ ಕೂತ.

ಹೊಸ ವರದಿ ನೋಡಲು ಬಂದ ಮ್ಯಾನೇಜರ್ ಹೌಹಾರಿದ. "ಅಬ್ಬಬ್ಬಾ! ಇಡೀ ಸರ್ವರ್ ಇವನೊಬ್ಬನೇ ನುಂಗ್ತಿದ್ದಾನೆ! ಇವನನ್ನ ಇಟ್ಕೊಂಡ್ರೆ..."

ಕಡಿಮೆಯಾದರೂ ಕತ್ತು, ಹೆಚ್ಚಾದರೂ ಕತ್ತು. ಈ ಮನುಷ್ಯನಿಗೆ ಬೇಕಿದ್ದದ್ದು ಲೆಕ್ಕವಲ್ಲ, ಬಲಿ. ಅವನ ಕಣ್ಣೆದುರಿಗೇ ದಿನಾ ಬೆಳಿಗ್ಗೆ ವರದಿಯನ್ನು ಎಬ್ಬಿಸುವ ಶೆಡ್ಯೂಲನ್ನು ಅವಳು ಅಳಿಸಿಹಾಕಿದಳು.

"ನಾಳೆ ಬೆಳಿಗ್ಗೆಯಿಂದ ಅದು ಏಳಲ್ಲ ಸಾರ್. ಕಳಿಸೋದಾದ್ರೆ ಇಬ್ಬರನ್ನೂ ಕಳಿಸಿ. ಇವರು ಬರೀತಿರೋ ಅಣೆಕಟ್ಟಿನ ನಕ್ಷೆ ನೀವೇ ಬರೆದು ಕೊಡಿ."

ಗೆರೆ ಎಳೆಯಲು ಬಾರದ ಮ್ಯಾನೇಜರ್ ಬಾಗಿಲು ಬಡಿದುಕೊಂಡು ಹೋದ.

ನದಿಯವನು ಇನ್ನೂ ಬರಿದಾದ ಪರದೆಯನ್ನೇ ನೋಡುತ್ತಿದ್ದ. ಅವಳು ಕುರ್ಚಿ ಎಳೆದುಕೊಂಡು ಪಕ್ಕಕ್ಕೇ ಕೂತಳು.

"ಊಟ ಆಯ್ತಾ?"

ಅವನು ಈಗ ತಲೆ ಎತ್ತಿದ. "ಇಲ್ಲ. ದಿನಾ ಕೇಳ್ತೀರಾ?"

"ದಿನಾ," ಅಂದಳು ಅವಳು. "ಶೆಡ್ಯೂಲ್ ಹಾಕಾಯ್ತು."