ಮೌನಫಲಕಕ್ಕೆ ಹೊದಿಸಿದ ಕೌದಿ

ಪೆಟ್ಟಿಗೆಗೆ ತಾಗಿಸಿ ಹಿಡಿದ ಸದ್ದಿನ ಮಾಪಕದ ಮುಳ್ಳು ಅಲುಗಲಿಲ್ಲ. ಪರದೆಯ ಮೇಲೆ ಬಾಳವ್ವ ಸೂಜಿಗೆ ದಾರ ಪೋಣಿಸುತ್ತ, "ಏನ್ ಹೊಲಿತೀ ಅಕ್ಕಾ, ಕೋಳಿ ಕೆದರಿದಂಗ ಐತಿ" ಎಂದು ನಗುತ್ತಿದ್ದಳು. ಅವಳು ತೀರಿಕೊಂಡು ಮೂರು ವರ್ಷವಾಗಿತ್ತು.

ಹಳೆಯ ವಿಡಿಯೊಗಳಿಂದ ಸತ್ತವರ ಚಹರೆ, ಮಾತು ಕಲಿತು ಅವರನ್ನು ಪರದೆಗೆ ತರುವ ಛಾಯಾಯಂತ್ರಗಳು ಆಗ ಮನೆಮನೆಗೆ ಬಂದಿದ್ದವು. ಸೆಕೆಂಡಿಗೆ ಅರವತ್ತು ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡೇ ಅವುಗಳ ಜೀವಾಳ. ಅಷ್ಟು ದುಡಿದರೆ ಕಾರ್ಡು ಕಾಯದೆ ಇರುತ್ತದೆಯೇ? ಅದನ್ನು ತಣಿಸಲು ಮೂರು ಫ್ಯಾನುಗಳು ಗುಂಯ್ಗುಡುತ್ತಿದ್ದವು. ಪ್ರಯೋಗಾಲಯವೊಂದು ಈಗ ಫ್ಯಾನೇ ಇಲ್ಲದ 'ಮೌನಫಲಕ' ಎಂಬ ಕಾರ್ಡನ್ನು ಮಾಡಿತ್ತು. ಬಾಚಣಿಗೆಯ ಹಲ್ಲಿನಂಥ ತಾಮ್ರದ ತಗಡುಗಳು ಶಾಖವನ್ನು ಹೀರಿ ಗಾಳಿಗೆ ಬಿಡುತ್ತಿದ್ದವು. ಜನರ ಮನೆಯಲ್ಲಿ ಅದು ಹತ್ತು ದಿನ ಹೇಗೆ ಬಾಳುತ್ತದೆಂದು ನೋಡುವುದು ಎಂಜಿನಿಯರ್ ಸುಮಂಗಲಾಳ ಕೆಲಸ. ಅದಕ್ಕೇ ಅವಳು ಹಳೇ ಹುಬ್ಬಳ್ಳಿಗೆ, ಹಳೆ ಬಟ್ಟೆಯ ಕೌದಿ ಹೊಲಿಯುವ, ಬಾಳವ್ವನ ಅಕ್ಕ ಶಿವಗಂಗವ್ವನ ಮನೆಗೆ ಬಂದಿದ್ದಳು.

"ಹೆಂಗೈತ್ರಿ ಅಜ್ಜಿ? ಒಂದ್ ಚೂರೂ ಸಪ್ಪಳ ಇಲ್ಲ, ಅಲ್ಲ?"

"ಮೊದಲಿನ ಪೆಟಗಿ ಉಸಿರಾಡ್ತಿತ್ತವ್ವಾ. ಇಕಿ ಉಸಿರಾಡವಲ್ಲಳು."

"ಅದು ಫ್ಯಾನಿನ ಸಪ್ಪಳರೀ."

"ಅಷ್ಟೂ ಗೊತ್ತಿಲ್ಲೇನು ನನಗ? ಆದರ ಆಕಿ ಮಾತಾಡೂಕಿಂತ ಮೊದಲ ಅದು ಜೋರಾಗ್ತಿತ್ತು."

ಮುದುಕಿ ಹೇಳಿದ್ದು ನಿಜ. ತುಟಿ ಅಲುಗುವ ಚಿತ್ರ ಬರೆಯಲು ಕಾರ್ಡು ಹೆಚ್ಚು ದುಡಿಯುತ್ತದೆ, ಫ್ಯಾನಿನ ವೇಗ ಏರುತ್ತದೆ. ಪ್ರಯೋಗಾಲಯದಲ್ಲಿ ಯಾರೂ ಅದನ್ನು ಉಸಿರೆಂದು ಕೇಳಿಸಿಕೊಂಡಿರಲಿಲ್ಲ.

ಶಿವಗಂಗವ್ವ ಪೆಟ್ಟಿಗೆಯ ಜಾಲರಿ ಮುಟ್ಟಿದಳು. "ಮೈ ಸುಡಾಕತ್ತೈತಲ್ಲ."

"ಸುಡಲಿ ಬಿಡ್ರಿ. ಮ್ಯಾಲ ಏನೂ ಮುಚ್ಚಬ್ಯಾಡ್ರಿ. ಗಾಳಿನ ಅದಕ್ಕ ಔಷಧ."

"ಜ್ವರ ಬಂದಾಗ ಗಾಳಿಗೆ ಮಲಗಸ್ತಾರೇನು, ನಿಮ್ಮ ಕಡೆ?"

ಸುಮಂಗಲಾ ನಕ್ಕು ಹೊರಟಳು.

ಬಾಳವ್ವ ಹೋದದ್ದು ಚಳಿಜ್ವರದಲ್ಲಿ. ಅಂದು ಒಗೆದ ಮನೆಯ ಕೌದಿಗಳೆಲ್ಲ ಹಗ್ಗದ ಮೇಲೆ ಒದ್ದೆಯಾಗಿ ತೂಗುತ್ತಿದ್ದವು. ಒಣಗಿದ್ದದ್ದು ಒಂದೇ, ಬಾಣಂತಿಯೊಬ್ಬಳಿಗೆಂದು ಹೊಲಿದು ಮಡಿಚಿಟ್ಟದ್ದು. ಬಾಣಂತಿಯ ಕೌದಿಯನ್ನು ಹೊಲಿದ ಮನೆಯವರು ಹೊದೆಯುವಂತಿಲ್ಲ. ಅದು ಅವರ ಮನೆಯ ಕಟ್ಟುಪಾಡು. "ಅಕ್ಕಾ, ಹೊದಸ" ಎಂದು ತಂಗಿ ಮೂರು ಸಲ ಕೇಳಿದ್ದಳು. ಶಿವಗಂಗವ್ವ ಹೊದಿಸಲಿಲ್ಲ. ಕೊಟ್ಟು ಬರುತ್ತೇನೆಂದು ಕೌದಿಯನ್ನು ಬಗಲಲ್ಲಿ ಹಿಡಿದು ಹೋದಳು. ಬರುವಷ್ಟರಲ್ಲಿ ನಡುಕ ನಿಂತಿತ್ತು.

ಏಳು ದಿನ ಮೌನಫಲಕ ಚೆನ್ನಾಗಿ ನಡೆಯಿತು. ಎಂಟನೆಯ ದಿನ ಬಿಸಿಲೇರಿತು, ತಗಡಿನ ಮಾಡಿನ ಕೆಳಗಿನ ಗಾಳಿಯೇ ಕಾದುಹೋಯಿತು. ಮಿತಿಮೀರಿ ಕಾದ ಕಾರ್ಡು ತನ್ನನ್ನು ಉಳಿಸಿಕೊಳ್ಳಲು ದುಡಿಮೆ ತಗ್ಗಿಸುತ್ತದೆ. ಅರವತ್ತು ಚಿತ್ರ ಇಪ್ಪತ್ತಾಯಿತು, ಹತ್ತಾಯಿತು. ತಂಪು ಕೋಣೆಯಲ್ಲಿ ಪರೀಕ್ಷೆ ಮಾಡಿದವರು ಇದನ್ನು ಅಂಕಿಗಳಲ್ಲಷ್ಟೇ ನೋಡಿದ್ದರು. ಶಿವಗಂಗವ್ವ ಕಣ್ಣಾರೆ ಕಂಡಳು. ಬಾಳವ್ವನ ಭುಜ ಅದುರುತ್ತಿತ್ತು, ಕೈ ನಡುಗುತ್ತಿತ್ತು, ಮಾತು ತುಂಡಾಗುತ್ತಿತ್ತು. "ಅಕ್... ಅಕ್ಕ್... ಕಾ..."

ಏನೂ ಮುಚ್ಚಬಾರದೆಂದು ಎಂಜಿನಿಯರು ಹೇಳಿದ್ದು ಶಿವಗಂಗವ್ವನಿಗೆ ನೆನಪಿತ್ತು. ತುಸು ಹೊತ್ತು ಕೈ ಕಟ್ಟಿಕೊಂಡೇ ಕೂತಳು. ಆಮೇಲೆ ಎದ್ದು, ತಂಗಿಯ ಸೀರೆಗಳಿಂದಲೇ ಹೊಲಿದಿದ್ದ ಕೌದಿ ತಂದು ಪೆಟ್ಟಿಗೆಗೆ ಹೊದಿಸಿದಳು. ನಡುಕ ಹೆಚ್ಚಾಯಿತು. ಇನ್ನೊಂದು ತಂದು ಹೊದಿಸಿದಳು. ಅಂಚುಗಳನ್ನು ಒಳಗೆ ಸಿಕ್ಕಿಸಿದಳು.

ಹತ್ತನೆಯ ದಿನ ಸುಮಂಗಲಾ ಬಂದಳು. ಕಪ್ಪಾದ ಪರದೆ, ಅದರ ಪಕ್ಕ ಪೆಟ್ಟಿಗೆಯ ಮೇಲೆ ಎರಡು ಕೌದಿಯ ಗುಡ್ಡೆ. ಸುಟ್ಟ ವಾಸನೆ ಇನ್ನೂ ಇತ್ತು. ಆ ವಾರ ಅವಳು ನೋಡಿದ ಹದಿನಾಲ್ಕು ಮನೆಗಳಲ್ಲಿ ಹೀಗೆ ಹೊದಿಸಿ ಸುಟ್ಟದ್ದು ಇದು ಆರನೆಯದು. ಒಂದರಲ್ಲಿ ಶಾಲು ಇತ್ತು, ಒಂದರಲ್ಲಿ ಮಗುವಿನ ಕುಲಾವಿ.

"ಚಿಂತಿ ಮಾಡಬ್ಯಾಡ್ರಿ ಅಜ್ಜಿ, ನೆನಪೆಲ್ಲ ಬ್ಯಾರೆ ಕಡೆ ಐತಿ. ಹೊಸ ಫಲಕ ಹಾಕಿದರ ನಾಳೆನ ನಿಮ್ಮ ತಂಗಿ ಬರ್ತಾರ."

ಹೇಳುತ್ತ ಅವಳು ಕೌದಿಯ ಅಂಚು ಹಿಡಿದಳು. ಶಿವಗಂಗವ್ವ ಅವಳ ಮಣಿಕಟ್ಟಿನ ಮೇಲೆ ಮೆಲ್ಲಗೆ ಕೈಯಿಟ್ಟಳು.

"ತೆಗೀಬ್ಯಾಡವ್ವಾ. ಈ ಸಲ ಹೊದಿಸಿದ ಮ್ಯಾಲ ನಿಂತೈತಿ ನಡುಕ."